ಓದುಗಿತ್ತಿಯ ಉಸಿರು
ಎಳೆ ಬಾಣಂತಿಯ ಮಗು ನೋಡಿಕೊಳ್ಳಲು ಬಂದ ಚಿಕ್ಕಮ್ಮನಿಗೆ, ತರಕಾರಿ ಹೆಚ್ಚುವಾಗಲೂ ಬಟ್ಟೆ ಮಡಚುವಾಗಲೂ ಫೋನಿನ ಆಡಿಯೊ ಪುಸ್ತಕದಲ್ಲಿ ಯಾರಾದರೂ ಓದುತ್ತಲೇ ಇರಬೇಕು. "ಚರಿತ್ರೆನ ಸಾಕ್ಷಿ ಹೇಳೋ ಹಾಗೆ ಓದಬೇಕು ಕಣೇ. ಇವನೇನು, ತಾನೇ ಯುದ್ಧ ಗೆದ್ದವನ ಹಾಗೆ ಕಿರುಚ್ತಾನೆ!" ಎಂದು ಒಬ್ಬೊಬ್ಬರನ್ನೂ ಅರ್ಧಕ್ಕೇ ಓಡಿಸುವಳು. ಕಾದಂಬರಿಗೆ ಮಾತ್ರ ಒಬ್ಬಳೇ ಓದುಗಿತ್ತಿ, ಅದೂ ಫೋನನ್ನು ತೊಟ್ಟಿಲ ಪಕ್ಕದಲ್ಲೇ ಇಟ್ಟು. "ವಾಕ್ಯದ ನಡುವೆ ಹೇಗೆ ಉಸಿರೆಳೀತಾಳೆ ಕೇಳು. ಪಾಪ, ಸತ್ತು ಎಷ್ಟೋ ವರ್ಷ ಆಯ್ತು, ಉಸಿರು ಮಾತ್ರ ನಿಂತಿಲ್ಲ." ಬಾಣಂತಿ ತಟ್ಟನೆ ತೊಟ್ಟಿಲ ಕಡೆ ತಿರುಗಿದಳು. ಸತ್ತವಳ ದನಿ ನನ್ನ ಕೂಸಿನ ತಲೆದೆಸೆಯಲ್ಲೇ? ನಿಲ್ಲಿಸಲೆಂದು ಬಗ್ಗಿದಳು. ಓದುಗಿತ್ತಿ ಉಸಿರೆಳೆದಳು; ನಿದ್ದೆಯಲ್ಲಿದ್ದ ಮಗುವೂ ಎಳೆಯಿತು. ಅವಳು ಉಸಿರು ಬಿಟ್ಟಳು, ಮಗುವೂ ಬಿಟ್ಟಿತು. ಮತ್ತೆ ಹಾಗೆಯೇ. ಈಗ ನಿಲ್ಲಿಸಿದರೆ? ಫೋನಿನ ತನಕ ಹೋದ ಬೆರಳನ್ನು ತಾಯಿ ಮೆಲ್ಲನೆ ಹಿಂದಕ್ಕೆಳೆದುಕೊಂಡು, "ಚಿಕ್ಕಮ್ಮಾ, ಈ ಪುಸ್ತಕ ಇನ್ನೂ ಎಷ್ಟಿದೆ?" ಎಂದಳು.