ಲ್ಯಾಬಿನ ಸುಯಮೀಂದ್ರರು

ಶಿಗ್ಗಾವಿಯ ಬಸ್ ನಿಲ್ದಾಣದ ಎದುರು ಲ್ಯಾಬು ಇಟ್ಟುಕೊಂಡಿರುವ ಸುಯಮೀಂದ್ರರ ಪ್ರಕಾರ ಜನರ ಮೊದಲ ರೋಗ ಸಂಕೋಚ. ಮೂತ್ರದ ಬಾಟಲಿಯನ್ನು ಯಾರೂ ಕೈಯಲ್ಲಿ ಹಿಡಿದು ತರುವುದಿಲ್ಲ. ಪೇಪರಿನಲ್ಲಿ ಸುತ್ತಿ, ಚೀಲದ ತಳದಲ್ಲಿ ಬದನೆಕಾಯಿಯ ಕೆಳಗೆ ಅಡಗಿಸಿ ತರುತ್ತಾರೆ. "ಅಕ್ಕಾರ, ಉಪ್ಪಿನಕಾಯಿ ಬಾಟ್ಲಿ ಬ್ಯಾಡ್ರಿ, ಅದರಾಗ ನಿಮ್ಮ ರೋಗಕ್ಕಿಂತ ಮಾವಿನಕಾಯಿನ ಹೆಚ್ಚು ಕಾಣಸ್ತದ" ಎಂದು ಅವರು ಸ್ವಚ್ಛ ಡಬ್ಬಿ ಕೊಟ್ಟು, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕೆಂದು ಮಕ್ಕಳಿಗೆ ಪಾಠ ಹೇಳಿದಂತೆ ಹೇಳುತ್ತಾರೆ. ಬಣ್ಣ ನೋಡಲು ಡಬ್ಬಿಯನ್ನು ಬೆಳಕಿಗೆ ಹಿಡಿದರೆಂದರೆ ಅತ್ತರಿನ ವ್ಯಾಪಾರಿಯೂ ನಾಚಬೇಕು. ಏನು ಬಂತೆಂದು ಕೇಳಿದರೆ ಮಾತ್ರ "ಡಾಕ್ಟರ್ ಹೇಳ್ತಾರ್ರಿ" ಎಂಬ ಒಂದೇ ಮಾತು. ಸಕ್ಕರೆ ಬಂದಿರಲಿ, ಕೀವು ಬಂದಿರಲಿ, ಮುಖದಲ್ಲಿ ಏನೂ ತೋರಗೊಡುವುದಿಲ್ಲ. ಆದರೆ ಹೋದ ವರ್ಷ ದುಂಡಸಿಯ ಫಕ್ಕೀರವ್ವ ಬಸುರಿ ಸೊಸೆ ವಾಣಿಶ್ರೀಯನ್ನು ಕರೆತಂದಾಗ, ಮೂತ್ರದಲ್ಲಿ ಅದ್ದಿದ ಪಟ್ಟಿಯ ಹಳದಿ ಚೌಕ ಕಡುಹಸಿರಾಯಿತು. ಪ್ರೋಟೀನು ಹೋಗುತ್ತಿತ್ತು, ಬಸುರಿಯರಿಗೆ ಅದು ಅಪಾಯದ ಗುರುತು. ಸುಯಮೀಂದ್ರರು ಆಕೆಯ ಬಾತ ಪಾದ ನೋಡಿದರು. ಕಾದು ಕುಳಿತವರನ್ನು ಎಬ್ಬಿಸಿ ಶಟರ್ ಎಳೆದು, ಆಟೊ ಹಿಡಿದು ತಾವೇ ಆಸ್ಪತ್ರೆಗೆ ಕರೆದೊಯ್ದರು. ರಕ್ತದೊತ್ತಡ ವಿಪರೀತ ಏರಿತ್ತು. ಡಾಕ್ಟರು ಕೂಡಲೇ ದಾಖಲು ಮಾಡಿಕೊಂಡರು, ತಾಯಿ ಮಗು ಇಬ್ಬರೂ ಉಳಿದರು. ಪೇಡೆ ಕೊಡಲು ಬಂದ ಫಕ್ಕೀರವ್ವ, "ಅವತ್ತ ಯಾಕ್ರಿ ಅಷ್ಟ ಗಾಬ್ರಿ ಆಗಿದ್ರಿ?" ಎಂದು ಕೇಳಿದಳು. ಸುಯಮೀಂದ್ರರು ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು, "ನಾ ಹೊಟ್ಟ್ಯಾಗಿದ್ದಾಗ ನಮ್ಮ ಅವ್ವಗೂ ಹಿಂಗ ಕಾಲು ಬಾತಿದ್ದುವಂತ್ರಿ" ಎಂದರು. "ಆಕಿ ಮುಖಾನ ನಾ ನೋಡಿಲ್ಲ."