ಗೌರತ್ತೆಗೊಂದು ತಣ್ಣನೆಯ ಕಾರು

ನಿಮ್ಮ ಮನೆಯಲ್ಲೂ ಇದ್ದಿರಬಹುದು, ಅಡುಗೆಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂರಿಸಿದ ಒಂದು ಮಣ್ಣಿನ ಹೂಜಿ, ಅದರ ಕತ್ತಿಗೊಂದು ಒದ್ದೆ ಬಟ್ಟೆ. ತುಮಕೂರಿನ ಬೇಸಿಗೆಗೆ ನಮ್ಮ ಹಿರಿಯರು ಕಂಡುಕೊಂಡಿದ್ದ ಉತ್ತರ ಅಷ್ಟೇ. ತಂಪೆಂದರೆ ನಮಗೆ ಎಷ್ಟು ಆಸೆಯೆಂದರೆ, ಹರಸುವಾಗಲೂ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತೇವೆ; ಬೆಚ್ಚಗಿರಲಿ ಎಂದು ಯಾರೂ ಯಾರನ್ನೂ ಹರಸಿದ್ದನ್ನು ನಾನು ಕೇಳಿಲ್ಲ. ಆದರೆ ಈ ತಂಪನ್ನು ಮನೆಯಂಗಳದಲ್ಲೇ ನಿಂತು ಕಾರಿನೊಳಗೆ ತುಂಬಿಸಬಹುದೆಂದು ನಂಬಿ, ಒಂದಿಡೀ ಬೇಸಿಗೆ ಮನೆಮಂದಿಯ ತಲೆ ಬಿಸಿ ಮಾಡಿದವರು ನನಗೆ ಗೊತ್ತಿರುವಂತೆ ಒಬ್ಬರೇ, ನಮ್ಮಪ್ಪ.

ಅಪ್ಪನದು ಔಷಧಿ ಅಂಗಡಿ. ಡಾಕ್ಟರರ ಚೀಟಿಗಳನ್ನು ಓದಿ ಓದಿ ಅರ್ಧ ಡಾಕ್ಟರರೇ ಆಗಿಬಿಟ್ಟಿದ್ದ ಅವರು, ಎಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಕಂಟ್ರಾಕ್ಟರೊಬ್ಬರಿಂದ ಹಳೆಯ ಬಿಳಿ ಕಾರೊಂದನ್ನು ಕೊಂಡು ತಂದರು. ಅದರಲ್ಲಿ ಏ.ಸಿ. ಇತ್ತು. ಇತ್ತು ಎಂದರೆ ಇತ್ತು, ಅಷ್ಟೇ; ಮನೆಗೆ ಬಂದು ತಳವೂರಿದ ಅಳಿಯನ ಹಾಗೆ ಜಾಗ ಹಿಡಿದು ಕೂತಿತ್ತು, ಕೆಲಸ ಮಾಡುತ್ತಿರಲಿಲ್ಲ. ಬೇರೆಯವರಾಗಿದ್ದರೆ ಅದನ್ನು ಅದರ ಪಾಡಿಗೆ ಬಿಟ್ಟು ಕಿಟಕಿ ಇಳಿಸಿಕೊಂಡು ಓಡಾಡುತ್ತಿದ್ದರು. ಅಪ್ಪನಿಗೆ ಮಾತ್ರ ಅದು ಬೇಕೇ ಬೇಕಿತ್ತು, ತಮಗಾಗಿ ಅಲ್ಲ, ಹಾಗಲವಾಡಿಯ ಗೌರತ್ತೆಗಾಗಿ.

ಗೌರತ್ತೆ ಅಪ್ಪನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಹಾವಿಗೂ ಹೆದರದ, ಪಟೇಲರಿಗೂ ಹೆದರದ ಈ ಹೆಂಗಸು ಹೆದರುತ್ತಿದ್ದುದು ಮೋಟಾರು ಗಾಡಿಗೆ ಮಾತ್ರ. ಬಸ್ಸು ಊರ ಬೇಲಿ ದಾಟುವುದರೊಳಗೆ ಹೊಟ್ಟೆ ತೊಳಸಿ, ತಲೆ ತಿರುಗಿ, ವಾಂತಿ ಶುರುವಾಗುತ್ತಿತ್ತು. ಅಪ್ಪನ ಮದುವೆಗೆ ಹೊರಟವಳು ನಡುದಾರಿಯಲ್ಲೇ ಇಳಿದು ಹಿಂದಿರುಗಿದ್ದಳು. ನನ್ನ ಮದುವೆಗೆ ಗುಬ್ಬಿಯವರೆಗೆ ಬಂದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗಿ, ಅಕ್ಷತೆಯ ಗಂಟನ್ನು ಯಾರದೋ ಕೈಯಲ್ಲಿ ಕಳಿಸಿಕೊಟ್ಟು, ತಾನು ಎತ್ತಿನ ಗಾಡಿ ಹತ್ತಿ ಊರಿಗೆ ಹೋಗಿದ್ದಳು. ಈಗ ಉಳಿದಿದ್ದುದು ನನ್ನ ತಮ್ಮನ ಮದುವೆ, ನಮ್ಮ ಮನೆಯ ಕೊನೆಯ ಮದುವೆ, ಅದೂ ಹೆಣ್ಣಿನವರ ಊರಾದ ಕುಣಿಗಲ್ಲಿನಲ್ಲಿ. ಅಷ್ಟು ದೂರ ಗಾಡಿ ಕಟ್ಟಿಕೊಂಡು ಹೋಗುವ ಕಾಲ ಮುಗಿದಿತ್ತು. ಇದಕ್ಕೂ ಅಕ್ಕ ಬಾರದಿದ್ದರೆ ಇನ್ನು ಬರುವ ಸಂದರ್ಭವೇ ಇಲ್ಲವೆಂಬುದು ಅಪ್ಪನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಪ್ಪನ ರೋಗನಿದಾನ ಖಚಿತವಾಗಿತ್ತು. ವಾಂತಿಗೆ ಮೂಲ ಪೆಟ್ರೋಲು, ಧೂಳುಗಳ ವಾಸನೆ. ವಾಸನೆಗೆ ಮೂಲ ತೆರೆದ ಕಿಟಕಿ. ಕಿಟಕಿ ತೆರೆಯಲು ಮೂಲ ಸೆಕೆ. ಸೆಕೆಯನ್ನೇ ನಿರ್ಮೂಲ ಮಾಡಿ ಕಿಟಕಿ ಮುಚ್ಚಿಬಿಟ್ಟರೆ ಅಕ್ಕ ಕುಣಿಗಲ್ಲಿನ ಛತ್ರದ ಮುಂದೆ ನಗುನಗುತ್ತಾ ಇಳಿಯುತ್ತಾಳೆ. ಇಷ್ಟು ಚೊಕ್ಕವಾದ ತರ್ಕವನ್ನು ನಾನು ನನ್ನ ಕ್ಯಾತ್ಸಂದ್ರದ ಶಾಲೆಯಲ್ಲಿ ಗಣಿತ ಹೇಳಿಕೊಡುವಾಗಲೂ ಬರೆದವಳಲ್ಲ. ಒಂದೇ ತೊಂದರೆಯೆಂದರೆ ಇದರಲ್ಲಿ ಗೌರತ್ತೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಕಾರಿನ ಏ.ಸಿ. ಬಲ್ಲವರು ಊರಲ್ಲಿ ಅಪ್ಪನಿಗೆ ಸಿಗಲಿಲ್ಲ. ಸಿಕ್ಕವರು ಫ್ರಿಜ್ ರಿಪೇರಿಯ ನಜೀರ್ ಸಾಹೇಬರು. ಆತ್ಮವಿಶ್ವಾಸದಲ್ಲಿ ಅಪ್ಪನಿಗೆ ಅಣ್ಣನಂಥವರು. ಬಾನೆಟ್ಟು ಎತ್ತಿ ನೋಡುವ ಮೊದಲೇ ತೀರ್ಪು ಕೊಟ್ಟರು: “ಕಾರು ಅಂದ್ರೆ ಏನ್ ಸ್ವಾಮಿ? ಚಕ್ರ ಇರೋ ಫ್ರಿಜ್ಜು. ಫ್ರಿಜ್ಜಲ್ಲಿ ಟೊಮೇಟೊ ಕೂರ್ತದೆ, ಇದ್ರಲ್ಲಿ ನಾವ್ ಕೂರ್ತೀವಿ.”

ಅಂದಿನಿಂದ ನಮ್ಮಂಗಳ ಆಸ್ಪತ್ರೆಯಾಯಿತು. ಗ್ಯಾಸು ಎಲ್ಲಿಂದ ಸೋರುತ್ತಿದೆಯೆಂದು ಕಂಡುಹಿಡಿಯಲು ಪೈಪುಗಳಿಗೆಲ್ಲ ಸೋಪಿನ ನೊರೆ ಬಳಿಯಬೇಕಂತೆ, ಗುಳ್ಳೆ ಎದ್ದಲ್ಲಿ ತೂತು. ಅಮ್ಮ ಮಜ್ಜಿಗೆಯ ಕಡೆಗೋಲು ಕಾಣದೆ ಮನೆಯೆಲ್ಲ ಹುಡುಕಿ ಹೊರಗೆ ಬಂದರೆ, ಅದು ಸಾಹೇಬರ ಕೈಯಲ್ಲಿ ಬಕೆಟ್ಟಿನೊಳಗೆ ಬಟ್ಟೆಸೋಪು ಕಡೆಯುತ್ತಿತ್ತು. ಅಪ್ಪ ಸ್ಟೆತಸ್ಕೋಪು ಹಿಡಿದು ಕಂಪ್ರೆಸರಿನ ಎದೆಬಡಿತ ಕೇಳುತ್ತಿದ್ದರು. ಒಂದು ತೂತು ಮುಚ್ಚಿದರೆ ಇನ್ನೊಂದು ಬಾಯಿ ತೆರೆಯುತ್ತಿತ್ತು. “ನಿಮ್ಮಕ್ಕ ಬರೋದು ಆಮೇಲಿರ್ಲಿ, ನಮ್ಮನೆ ಮಜ್ಜಿಗೇಲಿ ನೊರೆ ಬರ್ತಿದೆ ನೋಡ್ರಿ,” ಎಂದು ಅಮ್ಮ ಲೋಟ ತಂದು ತೋರಿಸಿದಳು.

ಕೊನೆಗೆ ಒಳಗಿನ ಫ್ಯಾನೂ ಸುಟ್ಟುಹೋದಾಗ ಸಾಹೇಬರು ಗುಜರಿಯಿಂದ ಲಾರಿಯ ಫ್ಯಾನೊಂದನ್ನು ತಂದರು. ಅದಕ್ಕೆ ತಕ್ಕ ತಗಡಿನ ಪೆಟ್ಟಿಗೆ ಮಾಡಿ, ಗ್ಯಾಸಿನ ಪೈಪನ್ನೂ ಅದರೊಳಗೆ ಹಾಯಿಸಿ, ಡ್ರೈವರಿನ ಪಕ್ಕದ ಸೀಟಿನ ಮುಂದೆ ಬಿಗಿದರು. ಅಲ್ಲಿ ಇನ್ನು ಮನುಷ್ಯರು ಕಾಲು ಇಡುವುದಿರಲಿ, ಬೆಕ್ಕೂ ಕೂರುವಂತಿರಲಿಲ್ಲ. ನಾನು ಆಕ್ಷೇಪಿಸಿದ್ದಕ್ಕೆ ಅಪ್ಪ, “ಮುಂದೆ ಯಾರೇ ಕೂರ್ಬೇಕು? ದೊಡ್ಡೋರು ಹಿಂದೆ ತಾನೆ ಕೂರೋದು?” ಎಂದರು. ಅದೂ ನಿಜವೇ. ಗೌರವಸ್ಥ ಹೆಂಗಸರನ್ನು ಹಿಂದಿನ ಸೀಟಿನಲ್ಲಿ ಕೂರಿಸುವುದು ನಮ್ಮ ಕಡೆಯ ಮರ್ಯಾದೆ.

ಮತ್ತೆ ಗ್ಯಾಸು ತುಂಬಿಸಿದ ಸಂಜೆ, ನಂಬುತ್ತೀರೋ ಇಲ್ಲವೋ, ಅದು ಕೆಲಸ ಮಾಡಿತು! ಅಮ್ಮ ಪರೀಕ್ಷೆಗೆಂದು ಇಟ್ಟ ಕರಗಿದ ಬೆಣ್ಣೆ ಬಟ್ಟಲಲ್ಲೇ ಹೆಪ್ಪುಗಟ್ಟಿತು. ಅಕ್ಕಪಕ್ಕದ ಮನೆಯವರು ಮಫ್ಲರು ಸುತ್ತಿಕೊಂಡು ಸರದಿಯಂತೆ ಬಂದು, ನಿಂತ ಕಾರಿನಲ್ಲಿ ಕೂತು ನಡುಗಿ ಹೋದರು. ಅಪ್ಪನ ಮುಖ ನೋಡಬೇಕಿತ್ತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅಪ್ಪನೂ ನಾನೂ ಹಾಗಲವಾಡಿಗೆ ಹೋಗಿ ಗೌರತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಕಿಟಕಿಗಳು ಮುಚ್ಚಿದವು, ತಂಪು ಬೀಸಿತು. ಊರು ದಾಟಿ ಸ್ವಲ್ಪ ದೂರಕ್ಕೇ ಅತ್ತೆಯ ಮುಖ ಬಿಳಿಚಿತು.

“ಏನ್ಲಾ ಇದು, ಡಬ್ಬಿಗ್ ಹಾಕಿ ಮುಚ್ದಂಗೈತೆ! ಕಿಟಕಿ ತೆಗ್ಯೋ.”

“ತೆಗುದ್ರೆ ತಂಪೆಲ್ಲ ಹೋಗ್ಬುಡುತ್ತೆ ಅಕ್ಕ. ಒಂಚೂರು ತಡ್ಕೋ.”

“ತಂಪು ಹೋದ್ರೆ ಹೋಗ್ಲಿ, ನನ್ ಪ್ರಾಣ ಹೋಯ್ತಾ ಐತಲ್ಲೋ!”

ಗುಬ್ಬಿ ಇನ್ನೂ ದೂರವಿರುವಾಗಲೇ ಹುಣಸೆಮರವೊಂದರ ಕೆಳಗೆ ಕಾರು ನಿಲ್ಲಿಸಬೇಕಾಯಿತು. ಅತ್ತೆ ಇಳಿದು, ಆಗಬೇಕಾದದ್ದೆಲ್ಲ ಆಗಿ, ಬೇರಿನ ಮೇಲೆ ಕೂತಳು. ಮುಖ ತೊಳೆಸಿ ನೀರು ಕುಡಿಸಿದೆ. ಅವಳು ಮಡಿಲಿಂದ ಅಕ್ಷತೆಯ ಗಂಟು ತೆಗೆದು ಅಪ್ಪನ ಕಡೆ ಚಾಚಿದಳು. “ನನ್ನ ಇಲ್ಲೇ ಬುಟ್ಬುಡು ಕಣೋ. ಮೆತ್ತಗೆ ನಡ್ಕಂಡ್ ಊರಿಗೋಯ್ತೀನಿ. ಈ ಅಕ್ಕಿಕಾಳು ಮಗಿನ್ ಮೇಲೆ ನೀನೇ ಹಾಕು.”

ಅಪ್ಪ ಗಂಟಿಗೆ ಕೈ ಚಾಚಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನೋಡಲಾಗದೆ, ಏನಾದರೂ ಮಾತಾಡಬೇಕಲ್ಲ ಎಂದು ನಾನು ಕೇಳಿದೆ, “ಎತ್ತಿನ ಗಾಡೀಲಿ ಹಿಂಗಾಗಲ್ವಾ ಅತ್ತೆ?”

“ಗಾಡೀಲಿ ಯಾಕಾಯ್ತದೆ? ಮುಂದ್ಗಡೆ ನಾನೇ ಕುಂತು ಹೊಡೀತೀನಲ್ಲೇ. ದಾರಿ ಕಣ್ಮುಂದೆ ಇರ್ತೈತೆ. ಇಲ್ಲೇನೈತೆ ಕಣ್ಮುಂದೆ, ಇವ್ನ್ ಬೋಳುತಲೆ!”

ಪ್ರೀತಿಸುವವರಿಗೆ ಕೈ ಚುರುಕು, ಕಿವಿ ಮಂದ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹಸಿವಿಲ್ಲವೆಂದವರ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತೇವೆ, ಸೆಕೆಯೆಂದ ಮಗುವಿಗೆ ಸ್ವೆಟರು ತೊಡಿಸುತ್ತೇವೆ, ಗೌರವವೆಂದು ಹಿಂದೆ ಕೂರಿಸುತ್ತೇವೆ. ಕೊಡುವ ಉತ್ಸಾಹದಲ್ಲಿ ಏನು ಬೇಕೆಂದು ಕೇಳುವುದೇ ಮರೆತುಹೋಗುತ್ತದೆ. ನಾನೂ ನನ್ನ ಮಕ್ಕಳಿಗೆ ಇದನ್ನೇ ಮಾಡಿದ್ದೇನೆ, ನೀವೂ ಮಾಡಿರುತ್ತೀರಿ.

ಅಪ್ಪ ಆ ಮರದಡಿಯಿಂದ ಕಾರಿನ ಬಳಿಗೆ ನಡೆದರು. ಮುಂದಿನ ಸೀಟು ನೋಡಿದರು, ಅದರ ಮುಂದೆ ಠೀವಿಯಿಂದ ಕೂತಿದ್ದ ತಗಡಿನ ಪೆಟ್ಟಿಗೆ ನೋಡಿದರು. ಆಮೇಲೆ ಡಿಕ್ಕಿಯಿಂದ ಸ್ಪ್ಯಾನರು ತಂದು ನಟ್ಟು ತಿರುಗಿಸತೊಡಗಿದರು.

“ಅಪ್ಪಾ, ಗ್ಯಾಸೆಲ್ಲ ಹೋಗುತ್ತೆ!” ಎಂದೆ.

“ಹೋಗ್ಲಿ ಬಿಡಮ್ಮ.”

ಪೈಪು ಬಿಚ್ಚಿಕೊಂಡಿತು. ಒಂದಿಡೀ ಬೇಸಿಗೆಯ ತಪಸ್ಸು ಸುಂಯ್ಯೆಂದು ಗುಬ್ಬಿ ದಾರಿಯ ಗಾಳಿಗೆ ಸೇರಿತು. ಅದು ನಿಂತ ಮೇಲೆ ಅಪ್ಪ ತಣ್ಣಗಿನ ಪೈಪಿನ ತುದಿಯನ್ನು ಬೆರಳಿನಿಂದ ಒಮ್ಮೆ ಸವರಿದರು. ಪೆಟ್ಟಿಗೆಯನ್ನು ಎತ್ತಿ ಡಿಕ್ಕಿಗೆ ಹಾಕಿ, ನಾಲ್ಕೂ ಕಿಟಕಿ ಇಳಿಸಿ, ಮುಂದಿನ ಬಾಗಿಲು ತೆರೆದು ನಿಂತರು. “ಬಾ ಅಕ್ಕ, ಇಲ್ಲಿ ಕೂತ್ಕೋ.”

“ಗಂಡುಸ್ರು ಕೂರೋ ಜಾಗ ಅಲ್ವೇನೋ ಅದು?” ಎಂದು ಸಂಕೋಚಪಡುತ್ತಲೇ ಅತ್ತೆ ಹತ್ತಿದಳು.

ಮುಂದಿನದನ್ನು ಹೇಳಿದರೆ ಔಷಧಿ ಅಂಗಡಿಯವರು ಬೇಸರಪಟ್ಟುಕೊಂಡಾರು. ಉರಿಬಿಸಿಲು, ಕಣ್ಣಿಗೆ ಧೂಳು, ಮೂಗಿಗೆ ಪೆಟ್ರೋಲು, ಅಪ್ಪನ ಪಟ್ಟಿಯಲ್ಲಿದ್ದ ಶತ್ರುಗಳೆಲ್ಲ ಒಟ್ಟಿಗೆ ಒಳನುಗ್ಗಿದವು. ಅತ್ತೆ ಮಾತ್ರ ಸೆರಗು ಬಿಗಿದು, ದಾರಿಯ ಮೇಲೆ ಕಣ್ಣು ನೆಟ್ಟು ಜಗ್ಗದೆ ಕೂತಿದ್ದಳು. ಗುಬ್ಬಿ ದಾಟಿದ ಮೇಲೆ ಅವಳಿಗೆ ಬಾಯಿ ಬಂತು. “ಎಮ್ಮೆ ಬತ್ತೈತೆ, ಎಡಕ್ಕೊಡಿ... ಹಳ್ಳ ಐತೆ, ಮೆತ್ತಗೆ... ಯಾಕ್ಲಾ ಅಷ್ಟು ಬಿಗಿಯಾಗ್ ಹಿಡ್ದಿದೀಯ, ಅದೇನ್ ಓಡೋಯ್ತದಾ?” ಅಲ್ಲಿಂದ ಕುಣಿಗಲ್ಲಿನವರೆಗೆ ಕಾರು ಓಡಿಸಿದ್ದು ಅಪ್ಪನಲ್ಲ, ಗೌರತ್ತೆಯ ಬಾಯಿ.

ಮರುದಿನ ಛತ್ರಕ್ಕೆ ನಜೀರ್ ಸಾಹೇಬರು ಜರಿ ಟೋಪಿ ಹಾಕಿಕೊಂಡು ಬಂದರು. ಹೆಣ್ಣಿನ ಕಡೆಯವರೆಲ್ಲ ಕೇಳುವಂತೆ ದೊಡ್ಡ ದನಿಯಲ್ಲಿ, “ಏನ್ ಸ್ವಾಮಿ, ಹೆಂಗಿತ್ತು ನಮ್ ಏ.ಸಿ.?” ಎಂದರು. ಪೆಟ್ಟಿಗೆ ಇನ್ನೂ ಡಿಕ್ಕಿಯಲ್ಲೇ ಬಿದ್ದಿತ್ತು.

ಅಪ್ಪ ಹಸೆಮಣೆಯ ಕಡೆ ನೋಡಿದರು. ಅಲ್ಲಿ ಗೌರತ್ತೆ ಜನರನ್ನು ಸರಿಸಿಕೊಂಡು ಮುಂದೆ ಬಂದು, ನನ್ನ ತಮ್ಮನ ತಲೆಯ ಮೇಲೆ ತನ್ನ ಕೈಯಾರೆ ಅಕ್ಕಿಕಾಳು ಹಾಕುತ್ತಿದ್ದಳು. ಬೆವರಿನ ಜೊತೆಗೆ ಕಣ್ಣನ್ನೂ ಶಲ್ಯದಿಂದ ಒರೆಸಿಕೊಂಡು ಅಪ್ಪ ಹೇಳಿದರು:

“ಫಸ್ಟ್ ಕ್ಲಾಸ್ ಸಾಹೇಬ್ರೆ. ಅಕ್ಕ ಬಂದ್ಲು ನೋಡಿ.”