ಮೂರನೆಯ ಬ್ರಾಕೆಟ್ಟಿನ ಮೂರು ರಂಧ್ರಗಳು

ಶಂಕರಪುರದ ನಮ್ಮ ಮನೆಯಿಂದ ಚಾಮರಾಜಪೇಟೆಯ ಪರೀಕ್ಷಾಲಯಕ್ಕೆ ನಡೆದರೆ ಹದಿನೆಂಟು ನಿಮಿಷ. ಕಾಫಿಗೆ ನಿಂತರೆ ಇಪ್ಪತ್ತೇಳು. ಇಂಥವನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಡುತ್ತೇನೆ. ಮನೆಯಲ್ಲಿ ಇದಕ್ಕೆ ನಗುತ್ತಾರೆ. ಆ ಶ್ರಾವಣದ ತನಕ ನನಗೂ ಇದರಿಂದ ಏನು ಉಪಯೋಗ ಎಂದು ಗೊತ್ತಿರಲಿಲ್ಲ.

ನನ್ನ ಕೆಲಸ, ಬೆಸುಗೆ ಹಾಕಿದ ಉಕ್ಕಿನೊಳಗೆ ಉಳಿದುಕೊಂಡ ಬಿಗಿತವನ್ನು ಅಳೆಯುವುದು. ಬೆಸುಗೆ ತಣಿಯುವಾಗ ಕುಗ್ಗಲು ನೋಡುತ್ತದೆ, ಪಕ್ಕದ ಉಕ್ಕು ಬಿಡುವುದಿಲ್ಲ. ಮೇಲೆ ಯಾವ ಭಾರವೂ ಇಲ್ಲದಿದ್ದಾಗಲೂ ಆ ಎಳೆದಾಟ ಒಳಗೇ ಇರುತ್ತದೆ. ಅದನ್ನು ತಿಳಿಯಲು ಬೆಸುಗೆಯ ಪಕ್ಕ ಉಗುರಿನಷ್ಟಗಲದ ಗೇಜ್ ಅಂಟಿಸಿ, ಅದರ ನಡುವೆ ಸಣ್ಣ ರಂಧ್ರವೊಂದನ್ನು ಎಂಟು ಹಂತಗಳಲ್ಲಿ ಕೊರೆಯುತ್ತೇವೆ. ಬಿಗಿತ ಸಡಿಲವಾದಷ್ಟೂ ಸುತ್ತಲಿನ ಉಕ್ಕು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಗೇಜ್‌ಗೆ ಅದು ಕಾಣುತ್ತದೆ.

ಬಸವನಗುಡಿಯ ಕಲ್ಯಾಣ ಮಂಟಪವೊಂದರ ಬಾಲ್ಕನಿ ಹೊರಬೇಕಾದ ಬ್ರಾಕೆಟ್ಟುಗಳಲ್ಲಿ ಮಾದರಿಗೆಂದು ಮೂರು ನಮ್ಮಲ್ಲಿಗೆ ಬಂದವು. ಮಾಡಿದವರು ಹಿಂದಿನ ಬೀದಿಯಲ್ಲಿ ಶೆಡ್ ಇಟ್ಟುಕೊಂಡಿದ್ದ ಹಿರಿಯ ವೆಲ್ಡರ್. ಎಲ್ಲರಿಗೂ ಅವರು ಮೇಸ್ತ್ರಿ. ಒಂದೇ ಒಂದರಲ್ಲಿ ಬಿಗಿತ ಮಿತಿ ದಾಟಿದರೂ ಅವರ ಕೆಲಸವನ್ನೆಲ್ಲ ಗುಜರಿಗೆ ಹಾಕಿ ಬೇರೆಯವರಿಂದ ಮಾಡಿಸುವುದಾಗಿ ಮಂಟಪದವರು ಮೊದಲೇ ಹೇಳಿದ್ದರು.

ಒಂದೊಂದಕ್ಕೆ ಮೂರರಂತೆ ಒಂಬತ್ತು ರಂಧ್ರ. ಮೊದಲ ಎರಡು ಬ್ರಾಕೆಟ್ಟು ಚೆನ್ನಾಗಿದ್ದವು. ಮೂರನೆಯದರ ಮೂರು ಕಡೆಯೂ ಬಿಗಿತ ಮಿತಿಗಿಂತ ಬಹಳ ಮೇಲಿತ್ತು. ಮರುದಿನ ಹಬ್ಬದ ರಜೆ. ಅದರ ಮಾರನೆಯ ದಿನ ಬಂದು 'ತಿರಸ್ಕೃತ' ಎಂದು ವರದಿ ಟೈಪ್ ಮಾಡಿದೆ. ಸಂಜೆ ನಾಲ್ಕಕ್ಕೆ ಅದು ಹೋಗಬೇಕಿತ್ತು.

ಮೂರನೆಯದು ತಿರಸ್ಕೃತವೆಂದು ಹೇಗೋ ತಿಳಿದು ಮಧ್ಯಾಹ್ನ ಮೇಸ್ತ್ರಿ ಬಂದರು. ಜಗಳಕ್ಕೆ ಬಂದಿದ್ದಾರೆಂದುಕೊಂಡೆ. ಅವರು ನನ್ನನ್ನು ನೋಡದೆ ನೇರ ಬ್ರಾಕೆಟ್ಟಿನ ಬಳಿ ಕೂತರು.

"ಮೂರಕ್ಕೂ ಒಂದೇ ಕೈ, ಒಂದೇ ರಾಡು. ಇದೊಂದು ಹೆಂಗಮ್ಮ ಕೆಡುತ್ತೆ?"

ಯಂತ್ರ ಹೇಳಿದ್ದನ್ನೇ ಬರೆದಿದ್ದೇನೆ ಎಂದೆ. ಅವರು ಗೇಜ್‌ನ ಅಂಚಿನಲ್ಲಿ ಹೆಬ್ಬೆರಳು ಆಡಿಸಿ, ಕನ್ನಡಕ ಏರಿಸಿ ನೋಡಿದರು. ಬಿಲ್ಲಿನಂತೆ ಬಾಗಿದ ಸಣ್ಣ ಗೀರುಗಳಿದ್ದವು.

"ಇಲ್ಲಿ ಗ್ರೈಂಡರ್ ಹಿಡಿದ್ರಾ?"

"ಸ್ವಲ್ಪ," ಎಂದೆ.

"ಸ್ವಲ್ಪ ಅಂದ್ರೆ ಎಷ್ಟು? ನೀವು ಎಲ್ಲಾ ಬರ್ಕೋತೀರಂತಲ್ಲ, ನೋಡಿ ಹೇಳಿ."

ದಿನಚರಿ ತೆಗೆದೆ. ಗೇಜ್ ಅಂಟಿಸುವ ಮೊದಲು ಉಕ್ಕಿನ ಮೇಲ್ಮೈಯನ್ನು ಎಮರಿ ಕಾಗದದಿಂದ ಕೈಯಲ್ಲೇ ಉಜ್ಜಬೇಕು. ಮೊದಲ ಆರು ಜಾಗಕ್ಕೆ ತಲಾ ನಲವತ್ತು ನಿಮಿಷದ ಆಚೀಚೆ. ಕೊನೆಯ ಮೂರಕ್ಕೆ ಏಳು, ಆರು, ಏಳು. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ: 'ಗ್ರೈಂಡರ್. ಐದರೊಳಗೆ ಮಾರ್ಕೆಟ್.' ಅದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ತಾವರೆ ಖಾಲಿಯಾಗುವ ಮೊದಲು ಕೆ.ಆರ್. ಮಾರ್ಕೆಟ್ಟಿಗೆ ಹೋಗು ಎಂದು ಅಮ್ಮ ಎರಡು ಸಲ ಫೋನ್ ಮಾಡಿದ್ದರು. ಅದನ್ನೂ ಮೇಸ್ತ್ರಿಗೆ ಹೇಳಿದೆ.

ವೇಗವಾಗಿ ತಿರುಗುವ ಗ್ರೈಂಡರ್ ಚಕ್ರ ಉಕ್ಕಿನ ಮೇಲ್ಪದರವನ್ನು ಸುಟ್ಟು ತಾನೇ ಒಂದು ಬಿಗಿತ ತುಂಬುತ್ತದೆ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅಂಕಿಗಳನ್ನು ಮತ್ತೆ ತೆರೆದರೆ ಮೊದಲ ಎರಡು ಹಂತಗಳಲ್ಲಷ್ಟೇ, ಅಂದರೆ ಮೇಲ್ಪದರದಲ್ಲಷ್ಟೇ, ಬಿಗಿತ ಏರಿ, ಆಮೇಲೆ ದಢಕ್ಕನೆ ಇಳಿದಿತ್ತು. ನಾನು ದೊಡ್ಡ ಅಂಕಿಯನ್ನು ಮಾತ್ರ ನೋಡಿದ್ದೆ. ಅವರ ಬೆಸುಗೆಯ ಹೆಸರಿನಲ್ಲಿ ನಾನು ಅಳೆದದ್ದು ನನ್ನ ಅವಸರವನ್ನು.

ಮೇಲಧಿಕಾರಿಗೆ ಪುಟ ತೋರಿಸಿ ವರದಿ ನಿಲ್ಲಿಸಿ ಎಂದು ಕೇಳಿಕೊಂಡೆ. ಅವರು ಓದಿ, ಕೈಗಡಿಯಾರ ನೋಡಿ, ಮೂರು ಹೊಸ ಗೇಜ್ ತೆಗೆದುಕೊಟ್ಟರು. ಬೈಗುಳ ಆಮೇಲೆ ಬಿತ್ತು, ನ್ಯಾಯವಾಗಿಯೇ.

ಸೋಮವಾರ ಅದೇ ಬೆಸುಗೆಯ ಇನ್ನೊಂದು ಬದಿಯಲ್ಲಿ ಜಾಗ ಆರಿಸಿ ಕೈಯಿಂದಲೇ ಉಜ್ಜಿದೆ. ಮೇಸ್ತ್ರಿ ಬಂದು ಸ್ಟೂಲಿನ ಮೇಲೆ ಕೂತರು. ಸುಮ್ಮನೆ ಕೂರಲಾರದೆ, ಅಷ್ಟು ಒತ್ತಬೇಡಿ, ಕಾಗದಕ್ಕೆ ಕೆಲಸ ಬಿಡಿ ಎಂದು ತಿದ್ದಿದರು. ನಲವತ್ತೊಂದು, ನಲವತ್ತಮೂರು, ನಲವತ್ತು ನಿಮಿಷ. ಮೂರು ಕಡೆಯೂ ಅಂಕಿಗಳು ಮೊದಲೆರಡು ಬ್ರಾಕೆಟ್ಟುಗಳ ಸಾಲಿಗೇ ಬಂದು ನಿಂತವು. ಪಾಸಾಯ್ತು ಎಂದಾಗ ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸುವುದು ಬಹಳ ಹೊತ್ತು ಮುಗಿಯಲಿಲ್ಲ.

ಹೊಸ ವರದಿಯಲ್ಲಿ, ಹಳೆಯ ಮೂರು ಅಳತೆ ರದ್ದು, ಕಾರಣ ಪರೀಕ್ಷಕರು ಗ್ರೈಂಡರ್ ಬಳಸಿದ್ದು ಎಂದು ಸೇರಿಸಿದೆ. ಮೇಸ್ತ್ರಿ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಅವರು ಮಂಟಪದವರಿಗೋ ಮೇಲಧಿಕಾರಿಗೋ ದೂರು ಕೊಡಬಹುದಿತ್ತು. ಅದರ ಬದಲು ಬಾಗಿಲ ಬಳಿ ತಿರುಗಿ ಕೇಳಿದರು:

"ಅಲ್ಲಮ್ಮಾ, ಇಷ್ಟೆಲ್ಲಾ ಆಯ್ತಲ್ಲ, ತಾವರೆನಾದ್ರೂ ಸಿಕ್ತಾ?"

"ಎರಡು ಸಿಕ್ತು."

"ಸದ್ಯ. ಅಮ್ಮನ ಹತ್ರ ಬೈಸ್ಕೊಳ್ಳೋದು ತಪ್ತು."

ಆ ದಿನದ ಪುಟದಲ್ಲಿ ರಂಧ್ರ ಮೂರು, ತಾವರೆ ಎರಡು ಎಂದು ಬರೆದು, ಕೆಳಗೆ ಹೊಸದೊಂದು ಸಾಲು ಶುರು ಮಾಡಿದೆ: ಕಲಿಸಿದವರು. ಮೊದಲ ಹೆಸರು ಮೇಸ್ತ್ರಿಯದು.